ಈಜು ಬರುತ್ತದೆ, ದಮ್ಮು ಮಾತ್ರ ಸಾಲುವುದಿಲ್ಲ

ನಲವತ್ತರ ಆಸುಪಾಸಿನಲ್ಲಿ ಮತ್ತೆ ನೀರಿಗಿಳಿದವರು ನನ್ನಲ್ಲಿ ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ಸಣ್ಣವನಿರುವಾಗ ಹೊಳೆ ದಾಟಿದವನು ಮಾರಾಯರೇ ನಾನು. ಈಗ ಕೊಳದಲ್ಲಿ ಒಂದಾದ ಮೇಲೊಂದು ಕೈ ಬೀಸುವ ಫ್ರೀಸ್ಟೈಲ್ ಹೊಡೆದರೆ 25 ಮೀಟರಿಗೇ ಏದುಸಿರು. ದಮ್ಮು ಹೆಚ್ಚಿಸಲು ಏನು ಮಾಡಬೇಕು?"

ಏನೂ ಮಾಡಬೇಡಿ. ಕೇಳುವ ಇದೇ ಮನುಷ್ಯ ಮಂಗಳೂರಿನ ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲುಗಳನ್ನು ಹತ್ತಿ, ಮೇಲೆ ನಿಂತು ರಾಜಕೀಯ ಮಾತಾಡಬಲ್ಲ. ಶ್ವಾಸಕೋಶಕ್ಕೆ ಏನೂ ಆಗಿಲ್ಲ. ತೊಂದರೆ ಇರುವುದು ತಲೆ ಇಟ್ಟ ಜಾಗದಲ್ಲಿ ಮತ್ತು ಉಸಿರು ಬಿಡುವ ಹೊತ್ತಿನಲ್ಲಿ.

ನಮ್ಮ ಕಡೆಯ ಬಹಳಷ್ಟು ಮಂದಿ ಈಜು ಕಲಿತದ್ದು ಹೊಳೆಯಲ್ಲಿ, ಮದಕದಲ್ಲಿ, ತೋಟದ ಕೆರೆಯಲ್ಲಿ, ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು. ಅಲ್ಲಿ ತಲೆ ನೀರಿನ ಮೇಲೆಯೇ ಇರುತ್ತಿತ್ತು. ನೇತ್ರಾವತಿಯಲ್ಲಿ ಅದು ತಪ್ಪಲ್ಲ: ಆಚೆ ದಡ, ಬರುವ ದೋಣಿ, ತೇಲುವ ಮರದ ತುಂಡು ಎಲ್ಲ ಕಾಣಬೇಕಲ್ಲ. ಆದರೆ ಮನುಷ್ಯನ ದೇಹದಲ್ಲಿ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ತಲೆ ಎತ್ತಿದಷ್ಟೂ ಸೊಂಟ ಇಳಿಯುತ್ತದೆ. ಸೊಂಟ ಇಳಿದ ದೇಹ ಮುಂದಿನ ನೀರಿಗೆ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟು ಏರುವುದರಿಂದ, ಇನ್ನೂ ಜೋರಾಗಿ ಕೈ ಬೀಸುವುದು ಇದಕ್ಕೆ ಮದ್ದಲ್ಲ. ಕೊಳದ ತಳದಲ್ಲಿ ಕಪ್ಪು ಗೆರೆ ಇದೆಯಲ್ಲ, ಅದನ್ನು ನೋಡುತ್ತಾ ಈಜಿ. ಎದುರಿನ ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಉಸಿರು. ಮುಖ ನೀರಿನಲ್ಲಿರುವಷ್ಟು ಹೊತ್ತು ಹೆಚ್ಚಿನವರು ಉಸಿರು ಕಟ್ಟಿ ಹಿಡಿಯುತ್ತಾರೆ. ಆಮೇಲೆ ತಲೆ ತಿರುಗಿಸಿದ ಆ ಅರೆಕ್ಷಣದಲ್ಲೇ ಹಳೆಯದನ್ನು ಬಿಟ್ಟು ಹೊಸದನ್ನು ಎಳೆದುಕೊಳ್ಳಬೇಕು. ಎರಡೂ ಅರ್ಧಂಬರ್ಧ. ಉಸಿರುಗಟ್ಟಿದಂತೆ ಆಗುವುದು ಬಹುಪಾಲು ಆಮ್ಲಜನಕ ಮುಗಿದದ್ದಕ್ಕಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿದ್ದಕ್ಕೆ. ಆದ್ದರಿಂದ ಮುಖ ನೀರಿಗಿಳಿದ ಕೂಡಲೇ ಮೂಗಿನಿಂದ ಗುಳ್ಳೆ ಬಿಡಲು ಶುರುಮಾಡಿ, ತಿರುಗಿದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯಲಿ. ತಿರುಗುವಾಗಲೂ ತಲೆಯೊಂದನ್ನೇ ತಿರುಚಬೇಡಿ. ಭುಜ, ಸೊಂಟ ಒಟ್ಟಿಗೆ ಹೊರಳಲಿ. ಗಾಗಲ್ಸಿನ ಒಂದು ಗಾಜು ನೀರಿನೊಳಗೇ ಇರಲಿ. ಇದನ್ನು ಕಲಿಯಲು ಎದೆಮಟ್ಟದ ನೀರಿನಲ್ಲಿ ನಿಂತು ಮುಳುಗಿ ಪೂರ್ತಿ ಉಸಿರು ಬಿಡುವುದು, ಎದ್ದು ಎಳೆದುಕೊಳ್ಳುವುದು, ಮತ್ತೆ ಮುಳುಗುವುದು. ಬೇಸರದ ಕೆಲಸ, ಪಕ್ಕದಲ್ಲಿ ಬೇಸಿಗೆ ಶಿಬಿರದ ಮಕ್ಕಳು ನಗುತ್ತಾರೆ. ಆದರೂ ಮಾಡಿ.

ಕಾಲಿನ ಬಗ್ಗೆ ಒಂದು ಮಾತು. ತೊಡೆಯ ಸ್ನಾಯುಗಳು ದೊಡ್ಡವು, ಆಮ್ಲಜನಕವನ್ನು ಯಥೇಚ್ಛ ಕುಡಿಯುತ್ತವೆ; ಮುಂದೆ ತಳ್ಳುವ ಬಲ ಹೆಚ್ಚಾಗಿ ಬರುವುದು ಕೈಯಿಂದ. ನಿಧಾನದ ಈಜಿಗೆ ಒಂದೊಂದು ಕೈಗೆ ಒಂದೊಂದು ಬಡಿತ ಸಾಕು. ಮೊಣಕಾಲು ಮಡಚಿ ಬಡಿದರೆ ಸಿಗುವುದು ನೊರೆ. ಹೊಳೆಯಲ್ಲಿ ಕಲಿತವರ ಕಾಲು ಉಸಿರು ತೆಗೆಯುವಾಗ ಕತ್ತರಿಯಾಡುವುದೂ ಉಂಟು. ಎರಡೂ ಕೈಗಳನ್ನು ನೀರಿನ ಮೇಲಿಂದ ಬೀಸುವ ಈಜನ್ನು 1873ರಲ್ಲಿ ಇಂಗ್ಲೆಂಡಿನ ಸ್ಪರ್ಧೆಯಲ್ಲಿ ತೋರಿಸಿದ ಜಾನ್ ಟ್ರಜನ್ ಕೂಡ ಕಾಲಿನಲ್ಲಿ ಕತ್ತರಿಯೇ ಆಡಿಸುತ್ತಿದ್ದ, ಹಾಗಾಗಿ ನಾಚಿಕೊಳ್ಳಬೇಕಿಲ್ಲ. ಆದರೆ ಕಾಲನ್ನು ಬೈದು ಪ್ರಯೋಜನವಿಲ್ಲ: ಸಾಮಾನ್ಯವಾಗಿ ಮುಂದಿನ ಕೈ ಮೈಯ ನಡುಗೆರೆ ದಾಟಿ ದೇಹ ತೊನೆದಿರುತ್ತದೆ, ಕಾಲು ಅದನ್ನು ಸರಿದೂಗಿಸಲು ಹೋಗಿ ಅಗಲವಾಗುತ್ತದೆ. ಕೈಯನ್ನು ಭುಜದ ನೇರಕ್ಕೇ ಇಳಿಸಿ. ಮೊಣಕೈ ಮೇಲಿರಲಿ, ಬೆರಳು ತಳ ನೋಡಲಿ, ಅಂಗೈ ಮತ್ತು ಮುಂಗೈ ಸೇರಿ ನೀರನ್ನು ಹಿಂದಕ್ಕೆ ತಳ್ಳಲಿ. ಕೆಳಕ್ಕೆ ಒತ್ತಿದರೆ ಭುಜ ನೋಯುತ್ತದೆ, ದಾರಿ ಸಾಗುವುದಿಲ್ಲ. ನೀರು ತಳ್ಳಲು ಅಂಗೈಗೆ ಕಟ್ಟುವ ಹಲಗೆ, ಅಂದರೆ ಪ್ಯಾಡಲ್ ಕೊಳ್ಳುವ ಆಸೆಯನ್ನು ಸದ್ಯಕ್ಕೆ ಬಿಡಿ.

ಅಭ್ಯಾಸದ ವಿಷಯದಲ್ಲಿ ನಾನು ಹಟಮಾರಿ. ಒಂದೇ ಸಮನೆ ಅರ್ಧ ಗಂಟೆ ಈಜಿದರೆ ಕೆಟ್ಟ ಈಜು ಗಟ್ಟಿಯಾಗುತ್ತದೆ, ಅಷ್ಟೆ. 25 ಮೀಟರ್ ಹೋಗಿ, ಉಸಿರು ಸಮವಾಗುವವರೆಗೆ ನಿಂತು, ಮತ್ತೆ ಹೊರಡಿ. ಪ್ರತಿಸಲವೂ ಕೈ ಎಷ್ಟು ಬೀಸಿದಿರಿ ಎಂದು ಎಣಿಸಿ. ಲೆಕ್ಕ ಏರತೊಡಗಿದರೆ ಶೈಲಿ ಕೆಟ್ಟಿತೆಂದು ತಿಳಿದು ಆ ದಿನಕ್ಕೆ ನಿಲ್ಲಿಸಿ. ಎಮ್ಮೆಕೆರೆಯ 50 ಮೀಟರ್ ಕೊಳಕ್ಕೆ ಹೋಗುವವರಿಗೆ ನಡುವೆ ಗೋಡೆ ಸಿಗುವುದಿಲ್ಲ. ಮೊದಮೊದಲು ಅಂಚಿನ ಸಾಲನ್ನೇ ಹಿಡಿದು, ಅರ್ಧದಲ್ಲಿ ಬದಿಗೆ ಸರಿದು ನಿಲ್ಲಿ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುವುದು ಪಣಂಬೂರಿನ ಕಡಲಿನ ಬಗ್ಗೆ. ಕಡಲಿನಲ್ಲಿ ದಿಕ್ಕು ನೋಡಲು ಆಗಾಗ ತಲೆ ಎತ್ತಲೇಬೇಕು, ಆದರೆ ಕಣ್ಣು ನೀರಿನ ಮೇಲೆ ಬರುವಷ್ಟು ಮಾತ್ರ. ಉಸಿರಿಗೆ ಮತ್ತೆ ಬದಿಗೇ ಹೊರಳಬೇಕು. ಅದನ್ನು ಕೊಳದಲ್ಲೇ ರೂಢಿಸಿಕೊಳ್ಳಿ. ಒಬ್ಬರೇ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಮಾತೇ ಬೇಡ.