ಹಳೆಯ ಫೋಟೊ ಹಿಡಿದು ಕೆಜಿಎಫ್ ಸುತ್ತುವವರಿಗೆ

ಕೋಲಾರ ಚಿನ್ನದ ಗಣಿಯ ಕಪ್ಪು-ಬಿಳುಪು ಚಿತ್ರಗಳನ್ನು ಕಂಡು, ಅವನ್ನು ತೆಗೆದ ಜಾಗಗಳನ್ನೇ ಹುಡುಕಿ ಹೋಗುವ ಆಸೆಯಿದ್ದರೆ ಕಾರು ಬಿಟ್ಟು ರೈಲು ಹತ್ತಿ. ಬೆಂಗಳೂರಿನಿಂದ ಬಂಗಾರಪೇಟೆ ಮಾರ್ಗವಾಗಿ ಮಾರಿಕುಪ್ಪಂವರೆಗೆ ನೇರ ರೈಲುಗಳಿವೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಊರಿನ ಬಹಳಷ್ಟು ಜನ ದುಡಿಮೆಗೆ ಬೆಂಗಳೂರಿಗೆ ಓಡಾಡುತ್ತಾರೆ. ಬೆಳಿಗ್ಗೆ ಅವರ ಎದುರು ದಿಕ್ಕಿನಲ್ಲಿ ಹೋಗುವ ನಿಮಗೆ ಕಿಟಕಿ ಪಕ್ಕದ ಸೀಟೇ ಸಿಕ್ಕೀತು.

ಚಿತ್ರಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು, ದೊಡ್ಡದಾಗಿ ಮುದ್ರಿಸಿಕೊಳ್ಳಿ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಗದವಾದರೆ ಹಿರಿಯರು ಕೈಗೆ ತೆಗೆದುಕೊಂಡು ನೋಡುತ್ತಾರೆ. ಹೊರಡುವ ಮೊದಲು ಅವುಗಳ ಕಾಲವನ್ನು ಅಂದಾಜು ಮಾಡಿಕೊಳ್ಳಿ. ಗಣಿ ನಡೆಸಿದ ಬ್ರಿಟಿಷ್ ಸಂಸ್ಥೆ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟದ್ದು 1880ರಲ್ಲಿ. ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಆದ್ದರಿಂದ ವಿದ್ಯುತ್ ತಂತಿ ಕಂಡರೆ ಚಿತ್ರ ಆಮೇಲಿನದು. ಹಿನ್ನೆಲೆಯ ಸಯನೈಡ್ ದಿಬ್ಬವೂ ಸುಳಿವು ಕೊಡುತ್ತದೆ: ಸಯನೈಡ್ ಬಳಸಿ ಅದಿರಿನಿಂದ ಚಿನ್ನ ತೆಗೆದು ಚೆಲ್ಲಿದ ಪುಡಿಮಣ್ಣು ವರ್ಷದಿಂದ ವರ್ಷಕ್ಕೆ ಬೆಳೆದು ಗುಡ್ಡವಾಗಿದೆ. ಆ ದಿಬ್ಬಗಳನ್ನು ದೂರದಿಂದಲೇ ನೋಡಿ. ಗಾಳಿ ಎದ್ದ ದಿನ ಆ ದೂಳು ಊರಿನವರನ್ನೇ ಕಾಡುತ್ತದೆ. ಸೆಲ್ಫಿಗಾಗಿ ಹತ್ತುವವರ ಬುದ್ಧಿಗೆ ಏನೆನ್ನುವುದು!

ಚಾಂಪಿಯನ್ ರೀಫ್ಸ್, ಉರಿಗಾಂ, ಮಾರಿಕುಪ್ಪಂ ಇವಿಷ್ಟರಲ್ಲಿ ಸುತ್ತಿದರೆ ಒಂದು ದಿನಕ್ಕೆ ಧಾರಾಳವಾಯಿತು. ಶಾಫ್ಟುಗಳ, ಅಂದರೆ ಗಣಿಗೆ ಇಳಿಯುವ ಬಾವಿಗಳ, ಮೇಲಿನ ಉಕ್ಕಿನ ಗೋಪುರಗಳು ಚಿತ್ರ ಹೊಂದಿಸಲು ಒಳ್ಳೆಯ ಗುರುತು. ಆದರೆ ಗಣಿಯ ಆವರಣದೊಳಗೆ ಅನುಮತಿಯಿಲ್ಲದೆ ನುಗ್ಗಬೇಡಿ. ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಗಣಿಯೊಳಗೆ ಹೋಗಿಬರಬಹುದೆಂಬ ಆಸೆಯನ್ನೂ ಬಿಡಿ.

ನನಗೆ ಈ ಚಿತ್ರಗಳ ಮೇಲೊಂದು ತಕರಾರಿದೆ. ನಾನು ನೋಡಿದವುಗಳಲ್ಲಿ ಬಹುಪಾಲು ಕಂಪನಿಯ ಕಣ್ಣಿನವು: ಯಂತ್ರ, ಬಂಗಲೆ, ಕ್ಲಬ್ಬು, ಕುರ್ಚಿಯಲ್ಲಿ ಕುಳಿತ ದೊರೆಗಳು. ಕಾರ್ಮಿಕರು ಇದ್ದರೂ ಹಿಂದಿನ ಸಾಲಿನಲ್ಲಿ, ಹೆಸರಿಲ್ಲದೆ. ಅವರು ಬಾಳಿದ ಲೈನ್ ಮನೆಗಳ, ಅಂದರೆ ಸಾಲಾಗಿ ಕಟ್ಟಿದ ಕಾರ್ಮಿಕರ ಮನೆಗಳ, ಚಿತ್ರ ಅಪರೂಪ. ಆ ಕೊರತೆ ನೀಗುವುದು ಲೈನುಗಳಲ್ಲೇ. ಚಹಾ ಅಂಗಡಿಯಲ್ಲಿ ಕುಳಿತು ಒಂದು ಚಿತ್ರವನ್ನು ಮೇಜಿನ ಮೇಲಿಡಿ, ಮಾತು ತಾನಾಗಿ ಶುರುವಾಗುತ್ತದೆ. ಮನೆಮಾತು ಹೆಚ್ಚಾಗಿ ತಮಿಳು, ಕನ್ನಡವೂ ನಡೆಯುತ್ತದೆ. ‘ಅಯ್ಯಾ, ಈ ಶಾಫ್ಟ್ ಯಾವುದು?’ ಎಂದು ಕೇಳಿದರೆ ಶಾಫ್ಟಿನ ಜೊತೆಗೆ ಪಾಳಿ, ಸಂಬಳದ ದಿನ, ಒಳಗೆ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗಿದ್ದು, ಎಲ್ಲವೂ ಬರುತ್ತದೆ. ಕೆಲವರು ಮನೆಗೆ ಕರೆದು ಗೋಡೆಯ ಮೇಲಿನ ಸ್ಟುಡಿಯೊ ಫೋಟೊ ತೋರಿಸುತ್ತಾರೆ. ಅದನ್ನು ಕೇಳದೆ ಕ್ಲಿಕ್ಕಿಸಬೇಡಿ. ಒಪ್ಪಿದರೆ ಫೋಟೊದ ಹಿಂಬದಿಯ ಬರಹವನ್ನೂ ಕ್ಲಿಕ್ಕಿಸಿಕೊಳ್ಳಿ, ಒಂದು ಒಳ್ಳೆಯ ಪ್ರತಿ ಮಾಡಿಸಿ ಅವರಿಗೆ ತಪ್ಪದೆ ಕಳುಹಿಸಿ.

ಬೇಸಿಗೆಯಲ್ಲಿ ಹೋಗಬೇಡಿ, ನೆರಳು ಕಡಿಮೆ. ಊಟಕ್ಕೆ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಕಡೆ ಬನ್ನಿ. ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರದಲ್ಲೇ ಇದೆಯೆಂದು ಅದನ್ನೂ ಅದೇ ದಿನಕ್ಕೆ ತುರುಕಬೇಡಿ. ಲೈನುಗಳಲ್ಲಿ ಕುಳಿತು ಮಾತನಾಡಲು ಸಮಯವೇ ಉಳಿಯುವುದಿಲ್ಲ.