ಗೊಂಬೆಯ ಪಂಚೆಗೆ ಯಾವ ಬಿಳಿ?

ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ ಬಿಳಿ ಆಯಿಲ್ ಪೇಂಟ್ ಕೇಳಿದಾಗ ಅಂಗಡಿಯವರು, "ಟೈಟಾನಿಯಂ ಕೊಡ್ಲಾ, ಝಿಂಕ್ ಕೊಡ್ಲಾ ಸಾರ್? ಹೆಚ್ಚಿನವರು ಟೈಟಾನಿಯಮ್ಮೇ ಒಯ್ಯೋದು" ಎಂದರು. ನಾನು ಎರಡನ್ನೂ ತೆಗೆದುಕೊಂಡೆ. ಆಷಾಢದ ಮಳೆ ಹಿಡಿದಿದ್ದ ಆ ಶನಿವಾರ ನನ್ನ ಮೇಜಿನ ಮೇಲಿದ್ದದ್ದು 75 ಮಿಲಿಮೀಟರ್ ಎತ್ತರದ ರೆಸಿನ್ ಗೊಂಬೆ. ಕಂಬಳಿ ಕೊಪ್ಪೆ ಹೊದ್ದು, ಬಿಳಿ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಮಲೆನಾಡಿನ ರೈತ.

ಟ್ಯೂಬಿನ ಮುಂಭಾಗದ ಹೆಸರಿಗಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ನಂಬುವುದು ಲೇಸು. ಅಲ್ಲಿರುವ ಪಿಡಬ್ಲ್ಯು ಎಂಬುದು ಬಿಳಿ ವರ್ಣದ್ರವ್ಯದ ಸಂಕೇತ: ಪಿಡಬ್ಲ್ಯು 6 ಎಂದಿದ್ದರೆ ಟೈಟಾನಿಯಂ, ಪಿಡಬ್ಲ್ಯು 4 ಎಂದಿದ್ದರೆ ಝಿಂಕ್; ಟೈಟಾನಿಯಂ ಎಂಬ ಹೆಸರಿನಲ್ಲೇ ಎರಡನ್ನೂ ಬೆರೆಸಿ ಮಾರುವುದೂ ಉಂಟು. ಸೀಸದ ಬಿಳಿ, ಅಂದರೆ ಪಿಡಬ್ಲ್ಯು 1, ಬೇಗ ಒಣಗುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಅದು ವಿಷ, ಮತ್ತು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿ ನಮ್ಮಂಥವರಲ್ಲಿ ಹಲವರಿಗಿದೆ. ಹಾಗಾಗಿ ಅದರ ಗೊಡವೆಯೇ ಬೇಡವೆಂದುಕೊಂಡೆ.

ಮೊದಲು ರಟ್ಟಿನ ಮೇಲೆ ಎರಡೂ ಬಿಳಿಗಳನ್ನು ಸ್ವಲ್ಪ ಸ್ವಲ್ಪ ಹಿಂಡಿ, ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳಲು ಬಿಟ್ಟೆ. ಹೀಗೆ ಮಾಡಿದರೆ ಬಣ್ಣದ ಹೊಳಪು ತಗ್ಗುತ್ತದೆ. ಅಂಗೈಯಷ್ಟೂ ಇಲ್ಲದ ಗೊಂಬೆಯ ಬಟ್ಟೆ ಎಣ್ಣೆ ಸವರಿದಂತೆ ಮಿಂಚಿದರೆ ಅದು ಬಟ್ಟೆಯಾಗಿ ಕಾಣುವುದಿಲ್ಲ. ಬಳಿಕ ಬೇರೊಂದು ರಟ್ಟಿನ ಮೇಲೆ ಕಪ್ಪು ಶಾಯಿಯ ಗೆರೆ ಎಳೆದು ಒಣಗಿಸಿ, ಅದರ ಮೇಲೆ ಎರಡನ್ನೂ ತೆಳುವಾಗಿ ಸವರಿದೆ. ಟೈಟಾನಿಯಂ ಗೆರೆಯನ್ನು ಬಹುಮಟ್ಟಿಗೆ ನುಂಗಿಬಿಟ್ಟಿತು, ಝಿಂಕ್‌ನ ಅಡಿಯಲ್ಲಿ ಅದು ಮಂಜಿನೊಳಗಿನ ರಸ್ತೆಯಂತೆ ಕಾಣುತ್ತಲೇ ಇತ್ತು.

ಇಷ್ಟು ನೋಡಿದವರು ಟೈಟಾನಿಯಮ್ಮಿಗೇ ಗೆಲುವೆನ್ನಬಹುದು, ಆದರೆ ಪಂಚೆಯ ಮಡಿಕೆಗಳ ಕೆಲಸವೇ ಬೇರೆ. ರಾ ಅಂಬರ್ ಎಂಬ ಕಂದಿಗೆ ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿ ಮಾಡಿಕೊಂಡ ನೆರಳಿನ ಬಣ್ಣಕ್ಕೆ ಸೂಜಿಮೊನೆಯಷ್ಟು ಟೈಟಾನಿಯಂ ಬಿದ್ದರೂ ಅದು ಸುಣ್ಣ ಕಲಸಿದಂತೆ ಪೇಲವವಾಗುತ್ತಿತ್ತು. ಝಿಂಕ್‌ಗೆ ಆ ದಬ್ಬಾಳಿಕೆಯಿಲ್ಲ. ನೆರಳಿನಿಂದ ಬೆಳಕಿಗೆ ಹಂತಹಂತವಾಗಿ ಏರುವಾಗ ಬಣ್ಣದ ಜೀವ ಉಳಿಯುತ್ತದೆ, ಒಣ ಕುಂಚದಿಂದ ಅಂಚುಗಳನ್ನು ಒಂದರೊಳಗೊಂದು ಕರಗಿಸುವುದೂ ಸುಲಭ. ಝಿಂಕ್‌ನ ಪದರ ಕಾಲಕ್ರಮೇಣ ಪೆಡಸಾಗಿ ಬಿರಿಯುತ್ತದೆ ಎಂಬ ಆಕ್ಷೇಪ ನಿಜವೇ, ಆದರೆ ಬಾಗಿ ಬಳುಕುವ ಕ್ಯಾನ್ವಾಸಿನಲ್ಲಿರುವಷ್ಟು ಭಯ ಗಟ್ಟಿಯಾದ ರೆಸಿನ್ ಮೇಲೆ ಹಚ್ಚಿದ ತೆಳುಪದರಕ್ಕಿಲ್ಲ.

ಕೊನೆಗೆ ಸೊಂಟದ ಗಂಟು ಮತ್ತು ಮೊಣಕಾಲಿನ ಬಳಿ ಉಬ್ಬಿದ ಮಡಿಕೆಗಳ ನೆತ್ತಿಗೆ ಮಾತ್ರ ಅಚ್ಚ ಟೈಟಾನಿಯಂ ಇಟ್ಟೆ. ಉಳಿದದ್ದೆಲ್ಲ ಬೂದುಛಾಯೆಯಾಗಿದ್ದರೂ ಕಣ್ಣು ಇಡೀ ಪಂಚೆಯನ್ನು ಬಿಳಿಯೆಂದೇ ಒಪ್ಪಿಕೊಂಡಿತು. ಎರಡೂ ಬಿಳಿಗಳು ನಿಧಾನವಾಗಿ ಒಣಗುವಂಥವು, ಅದರ ಮೇಲೆ ನಮ್ಮ ಮಳೆಗಾಲದ ತಂಪು ಬೇರೆ. ಆದ್ದರಿಂದ ಧೂಳು ಕೂರದಂತೆ ಗೊಂಬೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆ. ಮುಂದಿನ ಸಲ ಪೇಟೆಗೆ ಹೋದಾಗ ಝಿಂಕ್‌ನ ದೊಡ್ಡ ಟ್ಯೂಬು ತರಬೇಕು. ಟೈಟಾನಿಯಂನ ಈ ಚಿಕ್ಕ ಟ್ಯೂಬು ಇನ್ನೂ ಹಲವು ಗೊಂಬೆಗಳಿಗೆ ಸಾಕು.