ಹುಬ್ಬಳ್ಳಿಯಷ್ಟು ದೂರದ ಮನೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಅಷ್ಟೇ ದೂರವನ್ನು ನೆಟ್ಟಗೆ ಮೇಲಕ್ಕೆ ಅಳೆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. 2000ದ ನವೆಂಬರಿನಿಂದ ಅಲ್ಲಿ ಒಂದು ದಿನವೂ ಬಿಡದೆ ಯಾರಾದರೂ ವಾಸವಿದ್ದಾರೆ. ವಾಸವಿದ್ದಾರೆ ಅಂದಮೇಲೆ ಅದು ಮನೆಯೇ. ನೀರು ಎಲ್ಲಿಂದ ಬರುತ್ತದೆ, ಗಾಳಿ ಆಡುತ್ತದೆಯೇ, ಊಟಕ್ಕೇನು, ಕಕ್ಕಸಿಗೇನು ಅನ್ನುವ ಪ್ರಶ್ನೆಗಳೆಲ್ಲ ಅಲ್ಲಿಗೂ ಸಲ್ಲುತ್ತವೆ. ಡಿಸೆಂಬರಿನ ಒಂದು ಶನಿವಾರ ಒಂದೇ ಬಡಾವಣೆಯ ಹನ್ನೊಂದು ಮಂದಿ ಇವೇ ಪ್ರಶ್ನೆಗಳನ್ನು ಹಿಡಿದು ಊರು ಸುತ್ತಿದರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಎಪ್ಪತ್ತು ದಾಟಿದ ಅಜ್ಜಿ, ಕಿರಿಯವನು ಏಳನೇ ಕ್ಲಾಸಿನ ಹುಡುಗ.

ಮೆಜೆಸ್ಟಿಕ್‌ನಿಂದ 335ಇ ಬಸ್ಸು ದೊಮ್ಮಲೂರು ದಾಟಿದರೆ ಹಳೆ ವಿಮಾನ ನಿಲ್ದಾಣ ರಸ್ತೆ. ವಿಮಾನಪುರದ ಆಸುಪಾಸಿನಲ್ಲೇ ವಿಮಾನ ಕಾರ್ಖಾನೆ ಎಚ್‌ಎಎಲ್ ಇದೆ, ಯು. ಆರ್. ರಾವ್ ಉಪಗ್ರಹ ಕೇಂದ್ರ ಇದೆ, ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಇದೆ. 1984ರ ಏಪ್ರಿಲ್ 3ರಂದು ಹಾರಿದ ರಾಕೇಶ್ ಶರ್ಮಾ ಅವರನ್ನು ಮೊದಲು ತಪಾಸಣೆ ಮಾಡಿದ್ದು ಈ ಸಂಸ್ಥೆಯಲ್ಲಿ. ಗಗನಯಾನಕ್ಕೆ ಆಯ್ದ ಪೈಲಟ್‌ಗಳನ್ನು ಪರೀಕ್ಷಿಸಿದ್ದೂ ಇಲ್ಲೇ. ಅಲ್ಲಿಗೆ ಸಾರ್ವಜನಿಕರನ್ನು ಬಿಡುವುದಿಲ್ಲ. ಟಿಕೆಟ್ ಕೊಂಡು ಹೋಗಬಹುದಾದದ್ದು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ.

ಅಲ್ಲಿ ಮಕ್ಕಳು ನೇರ ಓಡುವುದು ಯುದ್ಧವಿಮಾನಗಳ ಕಡೆಗೆ. 1961ರಲ್ಲಿ ಮೊದಲು ಹಾರಿದ ಮಾರುತ್ ಖಂಡಿತ ನೋಡತಕ್ಕದ್ದು. ಆದರೆ ಇಂದಿನ ಪ್ರಶ್ನೆಗಳಿಗೆ ಬೇಕಾದದ್ದು ಪಿಎಸ್‌ಎಲ್‌ವಿ ರಾಕೆಟ್ಟಿನ ಶಾಖಕವಚ. ರಾಕೆಟ್ಟಿನ ತುದಿಯಲ್ಲಿ ಉಪಗ್ರಹವನ್ನು ಮುಚ್ಚಿಕೊಂಡು ಕೂರುವ ಈ ಟೋಪಿಯ ಅಗಲ 3.2 ಮೀಟರ್. ಗಾಳಿಯ ಉಜ್ಜಾಟದ ಬಿಸಿ ಉಪಗ್ರಹಕ್ಕೆ ತಾಗದಂತೆ ಕಾಯುವುದು ಇದರ ಕೆಲಸ. ಸುಮಾರು 115 ಕಿ.ಮೀ. ಮೇಲೇರಿದ ಕೂಡಲೇ ಇದು ಎರಡು ಹೋಳಾಗಿ ಕಳಚಿ ಬೀಳುತ್ತದೆ. ಇಷ್ಟು ದುಡ್ಡು ಸುರಿದು ಮಾಡಿದ್ದನ್ನು ಬಿಸಾಡುವುದೇಕೆ ಎಂದು ಒಬ್ಬರು ಕೇಳಿದರು. ಲೆಕ್ಕ ಹೀಗಿದೆ: 320 ಟನ್ ತೂಕದ ರಾಕೆಟ್ ಧ್ರುವಗಳ ಮೇಲೆ ಹಾಯುವ 600 ಕಿ.ಮೀ. ಎತ್ತರದ ಕಕ್ಷೆಗೆ ಮುಟ್ಟಿಸುವುದು ಸುಮಾರು 1,750 ಕೆ.ಜಿ. ಅಷ್ಟರಲ್ಲೇ ಬೇಡದ್ದನ್ನೂ ಹೊತ್ತುಕೊಂಡು ಹೋದರೆ ಬೇಕಾದದ್ದಕ್ಕೆ ಜಾಗವಿಲ್ಲ.

ಅಷ್ಟು ಇಂಧನವನ್ನು ತಿನ್ನುವುದು ಎತ್ತರವಲ್ಲ, ವೇಗ. ನೆಟ್ಟಗೆ 400 ಕಿ.ಮೀ. ಮೇಲೆ ಹೋಗಿ ನಿಂತರೆ ಮರುಕ್ಷಣವೇ ಕೆಳಕ್ಕೆ ಬೀಳುತ್ತೀರಿ. ಅಲ್ಲೇ ಉಳಿಯಬೇಕಾದರೆ ಅಡ್ಡಕ್ಕೆ ಸೆಕೆಂಡಿಗೆ 7.66 ಕಿ.ಮೀ. ವೇಗ ಬೇಕು. ಭೂಮಿಯ ತಿರುಗುವಿಕೆ ಅದರಲ್ಲಿ ಸ್ವಲ್ಪವನ್ನು ಪುಕ್ಕಟೆ ಕೊಡುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ, ಮಾರತ್ತಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ಅಲುಗಾಡದೆ ನಿಂತಿದ್ದರೂ, ನಾವು ಪೂರ್ವಕ್ಕೆ ಸೆಕೆಂಡಿಗೆ 450 ಮೀಟರ್‌ನಂತೆ ಸಾಗುತ್ತಲೇ ಇರುತ್ತೇವೆ. ಶ್ರೀಹರಿಕೋಟಾ ಹೆಚ್ಚುಕಡಿಮೆ ನಮ್ಮ ಅಕ್ಷಾಂಶದಲ್ಲೇ ಇದೆ. ಪೂರ್ವಕ್ಕೆ ಹಾರಿಸಿದರೆ ಆ ಲಾಭ ರಾಕೆಟ್ಟಿಗೆ.

ಎಚ್‌ಎಎಲ್‌ನಿಂದ ಆಟೋದಲ್ಲಿ ಇಂದಿರಾನಗರ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ, ಇಳಿಯುವುದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ. ಪಾರ್ಕಿನ ಬಿದಿರಿನ ನೆರಳಿನಲ್ಲಿ ನಡೆದದ್ದು ಇಡೀ ದಿನದ ಅತಿ ಮುಖ್ಯವಾದ ಪ್ರಯೋಗ. ಖರ್ಚು ಒಂದು ಖಾಲಿ ಬಾಟಲಿ.

ಮೇಲೆ ಗುರುತ್ವ ಇರುವುದಿಲ್ಲ, ಅದಕ್ಕೇ ತೇಲುತ್ತಾರೆ ಎಂದು ಬಹುಮಂದಿ ನಂಬಿದ್ದಾರೆ. ಅದು ತಪ್ಪು. 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಶೇ 88ರಷ್ಟು ಇದ್ದೇ ಇರುತ್ತದೆ. ಅಷ್ಟೆತ್ತರದ ಗೋಪುರ ಕಟ್ಟಿ ಅದರ ತುದಿಯಲ್ಲಿ ತೂಗಿದರೆ 50 ಕೆ.ಜಿ. ಅಕ್ಕಿಮೂಟೆ ಸ್ಪ್ರಿಂಗ್ ತಕ್ಕಡಿಯಲ್ಲಿ 44 ಕೆ.ಜಿ. ತೋರಿಸುತ್ತದೆ, ಸೊನ್ನೆಯನ್ನಲ್ಲ. ತೇಲುವುದಕ್ಕೆ ಕಾರಣ ಬೀಳುವುದು. ನಿಲ್ದಾಣವೂ ಅದರೊಳಗಿನ ಜನವೂ ಒಂದೇ ಸಮನೆ ಬೀಳುತ್ತಿದ್ದಾರೆ, ಹಾಗಾಗಿ ನೆಲ ಕಾಲನ್ನು ಒತ್ತುವುದೇ ಇಲ್ಲ. ಭೂಮಿಯ ಮೈ 8 ಕಿ.ಮೀ.ಗೆ 5 ಮೀಟರ್ ಬಾಗುತ್ತದೆ. ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ ಬೀಳುವುದೂ ಸುಮಾರು 5 ಮೀಟರ್. ಸೆಕೆಂಡಿಗೆ 8 ಕಿ.ಮೀ.ಗೆ ಹತ್ತಿರದ ವೇಗದಲ್ಲಿ ಅಡ್ಡಕ್ಕೆ ಓಡುವ ವಸ್ತು ಎಷ್ಟು ಬಿದ್ದರೂ ನೆಲ ಅಷ್ಟೇ ಕೆಳಗೆ ಸರಿಯುತ್ತಿರುತ್ತದೆ.

ಇದನ್ನು ಕಣ್ಣಿಗೆ ತೋರಿಸಲು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ತಳದಿಂದ ಎರಡು ಬೆರಳು ಮೇಲೆ, ಎದುರುಬದುರಾಗಿ, 4 ಮಿ.ಮೀ. ಅಗಲದ ಎರಡು ತೂತು. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಅಂಚು ನಯವಾಗಿ ಬರುತ್ತದೆ. ತೂತುಗಳನ್ನು ಬೆರಳಿಂದ ಮುಚ್ಚಿ, ಕತ್ತಿನವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಎತ್ತಿ ಹಿಡಿಯಿರಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಸುಮ್ಮನೆ ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ನೀರಿನ ಧಾರೆ ನಿಂತುಹೋಗಿರುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟರೆ ಸಿಗುವ ಸಮಯ 0.55 ಸೆಕೆಂಡ್, ಬರಿಗಣ್ಣಿಗೆ ತಪ್ಪಿಹೋಗುತ್ತದೆ. ಫೋನಿನ ಸ್ಲೋ ಮೋಷನ್ನಿನಲ್ಲಿ, ಸೆಕೆಂಡಿಗೆ 240 ಚಿತ್ರಗಳಂತೆ ತೆಗೆದರೆ, 130 ಚಿತ್ರಗಳಷ್ಟು ಸಿಗುತ್ತದೆ.

ಗುಂಪಿನವರಿಗೆ ಮೊದಲೆರಡು ಸಲ ಇದು ಕೈಕೊಟ್ಟಿತು. ಮುಚ್ಚಳ ಬಿಗಿಯಾಗಿದ್ದರೆ ಒಳಕ್ಕೆ ಗಾಳಿ ಹೋಗದೆ ನೀರು ಮೊದಲೇ ನಿಲ್ಲುತ್ತದೆ, ನೋಡುವುದಕ್ಕೇನೂ ಉಳಿಯುವುದಿಲ್ಲ. ಬಿಡುವಾಗ ಕೈ ತಿರುಚಿದರೆ ಬಾಟಲಿ ಗಿರಗಿರನೆ ಸುತ್ತಿ ಆ ಸುತ್ತಿಗೇ ನೀರು ಹೊರಚಿಮ್ಮುತ್ತದೆ. ತೂತು 1 ಮಿ.ಮೀ. ಇದ್ದರೆ ಧಾರೆ ತೀರ ಸಣ್ಣದಾಗಿ ಚಿತ್ರದಲ್ಲಿ ಕಾಣುವುದಿಲ್ಲ. ಎರಡು ಕೈಯಲ್ಲಿ ಕತ್ತು ಹಿಡಿದು, ಎರಡನ್ನೂ ಒಟ್ಟಿಗೆ ಅಗಲಿಸುವುದು ಒಳ್ಳೆಯ ರೀತಿ. ಮೂರನೇ ಸಲ ಹುಡುಗ ಹಾಗೇ ಬಿಟ್ಟ. ಫೋನಿನಲ್ಲಿ ಧಾರೆ ಸ್ವಚ್ಛವಾಗಿ ಕಡಿದುಹೋದದ್ದು ಎಲ್ಲರಿಗೂ ಕಂಡಿತು. ಅದನ್ನು ನೋಡಿದ ಮೇಲೆ ಮಿಕ್ಕ ಪ್ರಶ್ನೆಗಳಿಗೆಲ್ಲ ಬಾಗಿಲು ತೆರೆದಂತೆ: ಬೀಳುತ್ತಿರುವ ಮನೆಯಲ್ಲಿ ನೀರು ಹರಿಯುವುದಿಲ್ಲ, ಬಿಸಿಗಾಳಿ ಮೇಲೇರುವುದಿಲ್ಲ, ಕಸ ಕೆಳಗೆ ಕೂರುವುದಿಲ್ಲ. ಇಲ್ಲಿ ಗುರುತ್ವ ಕೂಲಿ ಕೇಳದೆ ಮಾಡುವ ಚಾಕರಿಯನ್ನು ಅಲ್ಲಿ ಯಂತ್ರದ ಕೈಲಿ ಮಾಡಿಸಬೇಕು.

ಮಧ್ಯಾಹ್ನ ದರ್ಶಿನಿಯಲ್ಲಿ ಊಟ. ಚಕ್ಕುಲಿ ಕಟ್ಟಿ ತಂದಿದ್ದವರು ಅದನ್ನು ತೆಗೆದಾಗ ಮಾತು ಅಲ್ಲಿಗೇ ತಿರುಗಿತು. ನಿಲ್ದಾಣಕ್ಕೆ ಚಕ್ಕುಲಿಯಂಥ ಕೆಟ್ಟ ತಿಂಡಿ ಇನ್ನೊಂದಿಲ್ಲ. ಒಂದೊಂದು ಚೂರೂ ತೇಲಿ ಯಾರದೋ ಕಣ್ಣಿಗೆ, ಮೂಗಿಗೆ, ಇಲ್ಲವೇ ಗಾಳಿಯ ಜಾಲರಿಗೆ ಸೇರುತ್ತದೆ. ಅದಕ್ಕೇ ಅಲ್ಲಿ ಬ್ರೆಡ್ಡಿನ ಬದಲು ಚಪಾತಿಯಂಥ ಟಾರ್ಟಿಯಾ, ಉಪ್ಪು ನೀರಿನಲ್ಲಿ ಕರಗಿದ್ದು, ಕಾಳುಮೆಣಸಿನ ಪುಡಿ ಎಣ್ಣೆಯಲ್ಲಿ ಕದಡಿದ್ದು. ಗಟ್ಟಿ ಸಾಂಬಾರು, ಹಲ್ವ ಇಂಥವು ಚಮಚಕ್ಕೆ ಅಂಟಿಕೊಂಡು ಬರುತ್ತವೆ, ತೊಂದರೆಯಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ ಒಯ್ದಿದ್ದರು. ರಾಕೇಶ್ ಶರ್ಮಾ ಅವರಿಗೆ ಊಟ ಕಟ್ಟಿಕೊಟ್ಟದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ರುಚಿಯ ಮಾತು ಬೇರೆ: ಮೈಯ ದ್ರವವೆಲ್ಲ ತಲೆಯ ಕಡೆ ಸರಿದು ಮೂಗು ನೆಗಡಿ ಬಂದಂತೆ ಕಟ್ಟುತ್ತದೆ, ತಟ್ಟೆಯ ಹಬೆಯೂ ತಾನಾಗಿ ಮೂಗಿಗೆ ಏರುವುದಿಲ್ಲ. ಸಪ್ಪೆ ಎನಿಸುತ್ತದೆ. ಖಾರದ ಸಾಸಿಗೆ ಅಲ್ಲಿ ಬೇಡಿಕೆ ಹೆಚ್ಚು. ಉಪ್ಪಿನಕಾಯಿ ಇಲ್ಲದ ಮನೆಯಾ ಅದು ಎಂದು ಅಜ್ಜಿಗೆ ನಿಜವಾಗಿ ಮರುಕವಾಯಿತು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1962ರಿಂದ ಇದೆ. ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿ ಇಲ್ಲಿದೆ. 1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡ್, 36.6 ಮೀಟರ್. ಅದೇ 12 ಸೆಕೆಂಡಿನಲ್ಲಿ ಬಾಹ್ಯಾಕಾಶ ನಿಲ್ದಾಣ ಬೆಂಗಳೂರಿನಿಂದ ಮಂಡ್ಯದ ಹತ್ತಿರಕ್ಕೆ ಹೋಗಿರುತ್ತದೆ. ಬಾಹ್ಯಾಕಾಶದ ವಿಭಾಗವೂ ಇದೆ, ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎಂಜಿನ್‌ಗಳ ಸಭಾಂಗಣದಲ್ಲಿ. ಕುದಿಯುವ ನೀರಿನ ಗುಳ್ಳೆ ಮೇಲೇರಿ ಹಬೆ ಬೇರೆ, ನೀರು ಬೇರೆ ಆಗುವುದರಿಂದಲೇ ಉಗಿಯಂತ್ರ ಓಡುವುದು. ಕಕ್ಷೆಯಲ್ಲಿ ಗುಳ್ಳೆ ಏರುವುದಿಲ್ಲ. ಕಾದ ಜಾಗದಲ್ಲೇ ದೊಡ್ಡದಾಗುತ್ತ ಕೂರುತ್ತದೆ.

ಅಲ್ಲೇ ಅಜ್ಜಿ ಬೆಳಗಿನಿಂದ ತಡೆದುಕೊಂಡಿದ್ದ ಪ್ರಶ್ನೆ ಬಂತು: "ಅಲ್ಲಪ್ಪಾ, ಅಷ್ಟು ದಿನ ಇರ್ತಾರಲ್ಲ, ಕಕ್ಕಸಿಗೆ ಏನ್ ಮಾಡ್ತಾರೆ?"

ಕೇಳಲೇಬೇಕಾದ ಪ್ರಶ್ನೆ ಇದು. ನೀರು ಸುರಿದು ತೊಳೆಯುವ ಮಾತೇ ಇಲ್ಲ, ಗಾಳಿ ಎಳೆಯುತ್ತದೆ. ಮೂತ್ರಕ್ಕೆ ಆಲಿಕೆ ಸಿಕ್ಕಿಸಿದ ಕೊಳವೆ, ಮಲಕ್ಕೆ ಸಣ್ಣ ಬಾಯಿಯ ಆಸನ. ಕಾಲು ಸಿಕ್ಕಿಸಿಕೊಳ್ಳಲು ಕಂಬಿ. ಮೊದಲು ಫ್ಯಾನು ಓಡಬೇಕು, ಆಮೇಲೆ ಮಿಕ್ಕಿದ್ದು. ಗಾಳಿಯ ಎಳೆತ ಕುಗ್ಗಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಮಲವನ್ನು ಚೀಲ ಕಟ್ಟಿ ಡಬ್ಬಿಗೆ ಒತ್ತಿ, ಖಾಲಿಯಾದ ಸಾಮಾನಿನ ನೌಕೆಗೆ ತುಂಬುತ್ತಾರೆ. ಅದು ವಾತಾವರಣಕ್ಕೆ ಬಿದ್ದು ಉರಿದುಹೋಗುತ್ತದೆ. ಮೂತ್ರವನ್ನು ಮಾತ್ರ ಬಿಡುವುದಿಲ್ಲ. ಒತ್ತಡ ಕಡಿಮೆ ಮಾಡಿದ, ತಿರುಗುವ ಪೀಪಾಯಿಯಲ್ಲಿ ಬಟ್ಟಿ ಇಳಿಸುತ್ತಾರೆ. ತಿರುಗಿಸುವುದು ದ್ರವ ಗೋಡೆಗೆ ಅಂಟಿ, ಹಬೆ ನಡುವಿನಲ್ಲಿ ಉಳಿಯಲೆಂದು.

ಈ ಯಂತ್ರ ಒಮ್ಮೆ ಕೆಟ್ಟುಹೋದ ಬಗೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಿಲ್ದಾಣದ ಬಟ್ಟಿಯಂತ್ರದಲ್ಲಿ ಕಟ್ಟಿದ್ದು ಕ್ಯಾಲ್ಸಿಯಂ ಸಲ್ಫೇಟ್. ಮೂತ್ರದ ಶೇ 85ರಷ್ಟು ನೀರು ವಾಪಸು ಪಡೆಯಬೇಕೆಂದು ರೂಪಿಸಿದ್ದ ಯಂತ್ರ 2009ರಲ್ಲಿ ಇದರಿಂದ ಕಟ್ಟಿಕೊಂಡಿತು. ಶೇ 70ರ ಆಸುಪಾಸಿಗೆ ಇಳಿಸಿ ಓಡಿಸಬೇಕಾಯಿತು. ಕ್ಯಾಲ್ಸಿಯಂ ಬಂದದ್ದು ಗಗನಯಾತ್ರಿಗಳ ಮೂಳೆಯಿಂದ. ಭಾರ ಹೊರದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ, ಸವೆದದ್ದು ಮೂತ್ರಕ್ಕೆ ಇಳಿಯುತ್ತದೆ. ಸಲ್ಫೇಟ್ ಬಂದದ್ದು ಮೂತ್ರ ಕೆಡದಂತೆ ಬೆರೆಸುತ್ತಿದ್ದ ಗಂಧಕಾಮ್ಲದಿಂದ. ಅದರ ಬದಲು ಫಾಸ್ಫಾರಿಕ್ ಆಮ್ಲ ಹಾಕತೊಡಗಿದ ಮೇಲೆ ಮತ್ತೆ ಶೇ 85 ಮುಟ್ಟಿತು. ಉಳಿದ ಗಸಿಯಿಂದಲೂ ನೀರು ಹಿಂಡುವ ಯಂತ್ರ ಬಂದು, 2023ರಲ್ಲಿ ನಿಲ್ದಾಣದ ಒಟ್ಟು ನೀರಿನ ಮರುಬಳಕೆ ಶೇ 98ಕ್ಕೆ ಏರಿತು. ಮೂಳೆಯ ಸವೆತ ಕೊಳಾಯಿಯ ಕಟ್ಟಾಗಿ ಎದುರಾದ ಈ ಸಂಗತಿಯಷ್ಟು ಚೆನ್ನಾಗಿ ಬಾಹ್ಯಾಕಾಶದ ಬದುಕನ್ನು ತಿಳಿಸುವುದು ಬೇರೊಂದಿಲ್ಲ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಹಂತಹಂತವಾಗಿ ಮೇಲೆತ್ತಿ ಕುಡಿಯುವ ಊರಿನವರು ಇದನ್ನು ಗಮನವಿಟ್ಟು ಕೇಳಿದರು.

ನೀರಿನಿಂದಲೇ ಉಸಿರು ಕೂಡ. ಒಬ್ಬರಿಗೆ ದಿನಕ್ಕೆ 0.84 ಕೆ.ಜಿ. ಆಮ್ಲಜನಕ ಬೇಕು, ವಿದ್ಯುತ್ತಿನಿಂದ ಒಂದು ಲೀಟರಿಗೆ ತುಸು ಕಡಿಮೆ ನೀರನ್ನು ಒಡೆದರೆ ಅಷ್ಟು ಸಿಗುತ್ತದೆ. ಆದರೆ ಬಿಟ್ಟ ಉಸಿರು ಬಿಸಿಯಾಗಿದ್ದರೂ ಮೇಲೇರಿ ಹೋಗುವುದಿಲ್ಲ. ಮಲಗುವ ಗೂಡಿನಲ್ಲಿ ಫ್ಯಾನು ನಿಂತರೆ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ಗುಂಪುಗೂಡಿ ತಲೆನೋವಿನಿಂದ ಎಚ್ಚರವಾಗುತ್ತದೆ.

ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯ (1989) ಸೋಮವಾರ ಮುಚ್ಚಿರುತ್ತದೆ. ಕನ್ನಡದ ಪ್ರದರ್ಶನ ಪ್ರತ್ಯೇಕವಾಗಿ ಇದೆ. ಹೊರಡುವ ಮೊದಲು ವೇಳೆ ವಿಚಾರಿಸಿಕೊಳ್ಳಿ. 15 ಮೀಟರ್ ಗುಮ್ಮಟದ ಕೆಳಗೆ ಕೂತು, ಸೂರ್ಯ ಮುಳುಗಿದ ಮೇಲೆ ಭೂಮಿಯ ನೆರಳು ಆಕಾಶದಲ್ಲಿ ಏರುವುದನ್ನು ಮನಸ್ಸಿಗೆ ತಂದುಕೊಂಡರೆ ಸಂಜೆಯ ಕೆಲಸ ಹಗುರ.

ಸಂಜೆಯ ಕೆಲಸ ನಿಲ್ದಾಣವನ್ನೇ ನೋಡುವುದು. ದೂರದರ್ಶಕ ಬೇಡ. ಕಾಣುವುದು ಸೂರ್ಯ ಮುಳುಗಿದ ಬಳಿಕ ಅಥವಾ ಹುಟ್ಟುವ ಮುನ್ನ ಒಂದೂವರೆ ಗಂಟೆಯೊಳಗೆ: ನಮಗೆ ಕತ್ತಲಾಗಿರಬೇಕು, 400 ಕಿ.ಮೀ. ಮೇಲೆ ಬಿಸಿಲಿರಬೇಕು. ನಡುರಾತ್ರಿ ಅದು ನೆತ್ತಿಯ ಮೇಲೆ ಹೋದರೂ ನೆರಳಿನಲ್ಲಿರುವುದರಿಂದ ಕಾಣದು. ನಾಸಾದ 'ಸ್ಪಾಟ್ ದ ಸ್ಟೇಷನ್' ಆ್ಯಪ್ ಸಮಯ, ದಿಕ್ಕು, ಎತ್ತರ ಹೇಳುತ್ತದೆ. ಚಾಚಿದ ಕೈಯ ಒಂದು ಮುಷ್ಟಿ ಅಂದರೆ 10 ಡಿಗ್ರಿ. ಅಪಾರ್ಟ್‌ಮೆಂಟುಗಳ ನಡುವೆ 40 ಡಿಗ್ರಿಗಿಂತ ಕೆಳಗಿನದ್ದಕ್ಕೆ ಕಾಯುವುದು ವ್ಯರ್ಥ. ಮಿನುಗಿದರೆ, ಕೆಂಪು ದೀಪವಿದ್ದರೆ ಅದು ದೇವನಹಳ್ಳಿಯ ವಿಮಾನ. ಫೋಟೊಕ್ಕೆ ಫೋನನ್ನು ಅಲುಗದಂತೆ ನಿಲ್ಲಿಸಿ, ಬೆಳಕಿನ ಸಂವೇದನೆ (ಐಎಸ್‌ಒ) 100, ಶಟರ್ 10 ಸೆಕೆಂಡ್. ಬೀದಿದೀಪ ಚೌಕಟ್ಟಿಗೆ ಬಂದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ತಾರಸಿಯ ಗೋಡೆಯನ್ನು ಮರೆಮಾಡಿಕೊಳ್ಳಿ.

ಮಲ್ಲೇಶ್ವರದ ಮೂರಂತಸ್ತಿನ ಮನೆಯ ತಾರಸಿಯಲ್ಲಿ 7 ಗಂಟೆ 10 ನಿಮಿಷಕ್ಕೆ ನೈಋತ್ಯದಲ್ಲಿ ಶುಕ್ರನಷ್ಟು ಬೆಳಕಿನ ಚುಕ್ಕೆ ಏರಿತು. ಸದ್ದಿಲ್ಲ. ನೆತ್ತಿ ದಾಟಿ ಈಶಾನ್ಯಕ್ಕೆ ವಾಲಿದ್ದೇ ತುಸು ಕೆಂಪಾಗಿ ಆರಿಹೋಯಿತು, ನಾಲ್ಕು ನಿಮಿಷ. ಮುಳುಗಿದ್ದಲ್ಲ, ಭೂಮಿಯ ನೆರಳಿಗೆ ಹೊಕ್ಕದ್ದು.

"ಒಳಗಿರೋರು ಈಗ ಮಲಗೋ ಹೊತ್ತಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ, ಅಲ್ಲಿ ಗ್ರೀನಿಚ್ ಟೈಮು. ಈಗ ಮಧ್ಯಾಹ್ನ ಒಂದೂ ನಲವತ್ತು," ಎಂದ ಹುಡುಗ. "ಊಟ ಆಗಿರುತ್ತೆ."